ರೆಕ್ಕೆಯ ಹೊಲಿಗೆ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೀಟು ಹೊಲಿಯುವ ಅಂಗಡಿಗಳು ನಾಲ್ಕಿದ್ದವು. ಮೂರರಲ್ಲಿ ಗಂಡಸರು ಹೊಲಿಯುತ್ತಿದ್ದರು, ನಾಲ್ಕನೆಯದರಲ್ಲಿ ಸೂಜಿಯಕ್ಕ. ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇತ್ತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಕಾರಿನ ಸೀಟು, ಬೈಕಿನ ಸೀಟು, ಲಾರಿಯ ಟಾರ್ಪಾಲು, ಯಾವುದು ಬಂದರೂ ಅವಳ ಕೈಯಲ್ಲಿ ಗೆರೆ ಎಳೆದ ಹಾಗೆ ಹೊಲಿಗೆ ಬೀಳುತ್ತಿತ್ತು. ಗಂಡ ಮೊದಲು ಬಸ್ ಓಡಿಸುತ್ತಿದ್ದವನು. ಬೆನ್ನು ಹಿಡಿದುಕೊಂಡ ಮೇಲೆ ಸ್ಟೇರಿಂಗ್ ಬಿಟ್ಟು ಅಂಗಡಿಗೆ ಬಂದ. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಬಂದವರ ಹತ್ತಿರ ಹರಟೆ ಹೊಡೆಯುವುದು ಅವನ ಕೆಲಸ. ಮೂರನೆಯದು ಅವನಿಗೆ ಬಹಳ ಚೆನ್ನಾಗಿ ಒಗ್ಗಿತ್ತು.

ಕಣ್ಣಿನ ಡಾಕ್ಟರು ಮೊದಲು ಬಂದದ್ದು ಕಾರಿನ ಸೀಟು ಹೊಲಿಸುವುದಕ್ಕೆ. ಕಾರು ಬಿಟ್ಟು ಹೋಗುವ ಮನುಷ್ಯರಲ್ಲ ಅವರು, ಅಲ್ಲೇ ಸ್ಟೂಲು ಎಳೆದುಕೊಂಡು ಕೂತರು. ಅರ್ಧ ಗಂಟೆ ಅವಳ ಬೆರಳನ್ನೇ ನೋಡುತ್ತಿದ್ದು, "ಅಕ್ಕಾ, ನಾನು ಕಣ್ಣೊಳಗೆ ಹೊಲಿಗೆ ಹಾಕೋನು. ನೀವು ನನಗಿಂತ ನೀಟು," ಎಂದರು.

"ನಿಮ್ಮ ರೋಗಿಗಳಿಗೆ ಹೇಳ್ಬೇಡಿ ಡಾಕ್ಟ್ರೇ, ಎಲ್ಲಾ ನಮ್ಮ ಅಂಗಡಿಗೆ ಬಂದಾರು," ಎಂದ ಗಂಡ.

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ದನಿ ತಗ್ಗಿಸಿ, ಮನೆಯ ಹಿಂದೆ ತಾವೊಂದು ವಿಮಾನ ಕಟ್ಟುತ್ತಿರುವುದಾಗಿ ಹೇಳಿದರು. ಗಂಡ ಕತ್ತರಿಯನ್ನು ಹಾಗೇ ಬಟ್ಟೆಯ ನಡುವೆ ನಿಲ್ಲಿಸಿಬಿಟ್ಟ.

ತಮಾಷೆಯಲ್ಲ, ನಿಜ. ವಿಮಾನ ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದಿತ್ತು, ಜೊತೆಗೆ ದಿಂಬಿನಷ್ಟು ದಪ್ಪದ ಪುಸ್ತಕ. ಪುಸ್ತಕ ನೋಡಿಕೊಂಡು ಡಾಕ್ಟರು ಮೂರು ವರ್ಷದಿಂದ ಒಂದೊಂದೇ ಜೋಡಿಸುತ್ತ ಬಂದಿದ್ದರು. ಮರದ ಕಡ್ಡಿಗಳ ರೆಕ್ಕೆ ಸಿದ್ಧವಾಗಿತ್ತು, ಮೇಲೆ ಬಟ್ಟೆ ಹೊದಿಸಬೇಕಿತ್ತು. ವಿಮಾನಕ್ಕೆ ಬಟ್ಟೆ ಹೊದಿಸುತ್ತಾರೆ ಎನ್ನುವುದನ್ನೇ ಸೂಜಿಯಕ್ಕ ಆವತ್ತು ಮೊದಲು ಕೇಳಿದ್ದು.

ಐದು ತಿಂಗಳು, ವಾರಕ್ಕೆ ಮೂರು ದಿನ, ಅವಳು ಡಾಕ್ಟರ ಮನೆಯ ಶೆಡ್ಡಿಗೆ ಹೋದಳು. ರೆಕ್ಕೆಯ ಅಡ್ಡಕಡ್ಡಿಗಳನ್ನು ಪಕ್ಕೆಲುಬು ಎಂದು ಕರೆದದ್ದು ಅವಳೇ; ಆಮೇಲೆ ಡಾಕ್ಟರೂ ಹಾಗೇ ಕರೆಯತೊಡಗಿದರು. ಬಟ್ಟೆಯನ್ನು ಅಂಟಿನಿಂದ ಕೂರಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಹದವಾಗಿ ಕಾಯಿಸಿ ಮೇಲೆ ಎಳೆದರೆ ಅದು ಕುಗ್ಗಿ ತಮಟೆಯ ಹಾಗೆ ಬಿಗಿಯಾಗುತ್ತಿತ್ತು. ಆಮೇಲೆ ಒಂದಡಿ ಉದ್ದದ ಸೂಜಿಯಲ್ಲಿ ಮೇಣ ಸವರಿದ ದಾರ ಪೋಣಿಸಿ, ಮೇಲಿಂದ ಕೆಳಕ್ಕೆ ಪಕ್ಕೆಲುಬನ್ನು ಸುತ್ತಿಸಿ, ಎರಡೂವರೆ ಅಂಗುಲಕ್ಕೊಂದು ಗಂಟು. ಅವಳು ಮೇಲಿಂದ ಚುಚ್ಚಿದರೆ ಡಾಕ್ಟರು ರೆಕ್ಕೆಯ ಕೆಳಗೆ ಅಂಗಾತ ಮಲಗಿ ಸೂಜಿಯನ್ನು ಹಿಂದಕ್ಕೆ ಕಳಿಸುತ್ತಿದ್ದರು. ಊರಿನ ಅರ್ಧ ಜನರ ಕಣ್ಣಿನ ಪೊರೆ ತೆಗೆದ ಮನುಷ್ಯ ನೆಲದ ಮೇಲೆ ಮಲಗಿ, "ಬಂತು ಅಕ್ಕಾ, ಎಳೀರಿ," ಎನ್ನುವಾಗ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ವಿಮಾನ ಹಾರಿತು. ಊರಾಚೆಯ ಬಯಲಿನಲ್ಲಿ ಭಾನುವಾರ ಭಾನುವಾರ ಹಾರುವವರ ಒಂದು ಗುಂಪಿತ್ತು: ಟೈಲ್ಸ್ ಕಾರ್ಖಾನೆಯ ಯಜಮಾನರು, ಒಬ್ಬ ಲಾಯರು, ಎರಡು ಹೋಟೆಲುಗಳ ಮಾಲೀಕ. ಕಾರು ಕೊಂಡು ಕೊಂಡು ಬೇಸರ ಬಂದವರು ಅವರೆಲ್ಲ ಎನ್ನುತ್ತಿದ್ದ ಸೂಜಿಯಕ್ಕನ ಗಂಡ. ಆದರೆ ಡಾಕ್ಟರು ಮೋಡದ ಮಾತೆತ್ತಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವನೂ ಅವನೇ. ಡಾಕ್ಟರು ವಿಮಾನವನ್ನು ಬಯಲಿನಲ್ಲಿ ಬಿಡುತ್ತಿರಲಿಲ್ಲ. ರೆಕ್ಕೆ ಮಡಚಿ ಮನೆಗೆ ಎಳೆದು ತರುವುದು, ಮುಂದಿನ ಭಾನುವಾರ ಮತ್ತೆ ಅಲ್ಲಿ ಬಿಚ್ಚಿ ಜೋಡಿಸುವುದು. ಹೀಗೆ ಇಪ್ಪತ್ತಾರು ಸಲ ಹಾರಿದರು. ಇಪ್ಪತ್ತೇಳನೆಯ ಸಲ ಸೂಜಿಯಕ್ಕ ಅಲ್ಲಿದ್ದಳು.

ಹಿಂದಿನ ವಾರ ಇಳಿಯುವಾಗ ಕಲ್ಲು ಚಿಮ್ಮಿ ಬಾಲದ ಹತ್ತಿರ ಬಟ್ಟೆ ಹರಿದಿತ್ತು. ವಾರವಿಡೀ ಕ್ಲಿನಿಕ್ಕಿನಿಂದ ಬಿಡುವಾಗದೆ, ತೇಪೆ ಹಾಕಲು ಡಾಕ್ಟರು ಅವಳನ್ನು ಬಯಲಿಗೇ ಕರೆದಿದ್ದರು. ಗಂಡ ಸ್ಕೂಟರಿನಲ್ಲಿ ಬಿಟ್ಟು ಅಂಗಡಿಗೆ ಹೋದ. ಅವಳು ಜನರೇಟರಿಗೆ ಇಸ್ತ್ರಿ ಪೆಟ್ಟಿಗೆ ಸಿಕ್ಕಿಸಿಕೊಂಡು, ಮಂಡಿಯೂರಿ ಕೂತು, ಅಂಗೈಯಗಲದ ತೇಪೆಯೊಂದನ್ನು ಕೂರಿಸಿದಳು. ಅಂಚು ಎಲ್ಲಿದೆಯೆಂದು ಬೆರಳಿಗೆ ಸಿಗದಷ್ಟು ನಯವಾಗಿ ಬಂತು. ಯಾರಿಗಾದರೂ ತೋರಿಸಬೇಕು ಅನ್ನಿಸಿತು.

ಡಾಕ್ಟರು ಬಲರೆಕ್ಕೆಯ ಹತ್ತಿರ ಇದ್ದರು. ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಪಟ್ಟಿ. ಹಾರುವ ಮುಂಚೆ ಒಂದೊಂದನ್ನೇ ಮುಟ್ಟಿ ನೋಡಿ ಬೆರಳು ಕೆಳಕ್ಕೆ ಸರಿಸುತ್ತ ಬರುವುದು ಅವರ ಪದ್ಧತಿ.

"ಡಾಕ್ಟ್ರೇ, ಆಯ್ತು. ಬಂದು ನೋಡಿ ಒಂದ್ಸಲ," ಎಂದು ಕೂಗಿದಳು.

ಅವರು ಪಟ್ಟಿಯನ್ನು ಜೇಬಿಗಿಳಿಸಿ ಬಂದರು. ತೇಪೆಯ ಮೇಲೆ ಉಗುರಿನಿಂದ ಟಕಟಕ ಬಡಿದು, "ಹರಿದೇ ಇರ್ಲಿಲ್ಲ ಅನ್ನೋ ಹಾಗಿದೆಯಲ್ಲ ಅಕ್ಕಾ! ನಿಮ್ಮ ಕೈಗೆ ಏನು ಕೊಟ್ರೂ ಕಮ್ಮಿ," ಎಂದರು. ಅಷ್ಟರಲ್ಲಿ ಟೈಲ್ಸ್ ಯಜಮಾನರು ಅತ್ತ ಕಡೆಯಿಂದ, ಗಾಳಿ ಏಳುವ ಮೊದಲು ಹೊರಡಬಾರದೇ ಎಂದು ಕೂಗಿದರು. ಡಾಕ್ಟರು ಗಡಿಯಾರ ನೋಡಿಕೊಂಡು ನೇರವಾಗಿ ಹತ್ತಿ ಕೂತರು.

ವಿಮಾನ ಓಡಿತು, ಎದ್ದಿತು, ಬೇಲಿಯ ಮರಗಳ ಎತ್ತರಕ್ಕೆ ಹೋಯಿತು. ಅಲ್ಲಿ ಬಲರೆಕ್ಕೆ ಕೆಳಕ್ಕೆ ವಾಲಿತು. ವಾಲಿದ್ದು ಮೇಲೇಳಲಿಲ್ಲ. ಯಾರೋ ತಟ್ಟೆಯನ್ನು ಅಡ್ಡ ತಿರುಗಿಸಿದ ಹಾಗೆ ಪೂರ್ತಿ ಮಗುಚಿಕೊಂಡು ಮರಗಳಾಚೆ ಇಳಿದುಹೋಯಿತು. ಸದ್ದು ಅವಳು ಎಣಿಸಿದ್ದಕ್ಕಿಂತ ಚಿಕ್ಕದಿತ್ತು.

ಎಲ್ಲರೂ ಓಡಿದರು. ಟೈಲ್ಸ್ ಯಜಮಾನರು ಬೇಲಿಯನ್ನು ಮುರಿದುಕೊಂಡೇ ಕಾರು ನುಗ್ಗಿಸಿದರು. ಸೂಜಿಯಕ್ಕ ನಿಂತಲ್ಲೇ ನಿಂತಿದ್ದಳು. ಇಸ್ತ್ರಿ ಪೆಟ್ಟಿಗೆ ಕಾಯುತ್ತಿದೆ, ಹುಲ್ಲು ಹತ್ತಿಕೊಂಡೀತು ಎಂದು ಹೊಳೆಯಿತು. ಹೋಗಿ ವಯರು ಕಿತ್ತಳು. ದಾರದ ಉಂಡೆ ಸುತ್ತಿ, ಸೂಜಿಯನ್ನು ಅದರಲ್ಲಿ ಸಿಕ್ಕಿಸಿ, ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಬಟ್ಟೆಯ ಚೂರುಗಳನ್ನೆಲ್ಲ ಆರಿಸಿದಳು. ಗಂಡ ಸುದ್ದಿ ಕೇಳಿ ಎದ್ದೂ ಬಿದ್ದೂ ಬಂದಾಗ ಅವಳ ಸುತ್ತ ಕಸವೇ ಇರಲಿಲ್ಲ.

"ಡಾಕ್ಟ್ರು?" ಎಂದ ಅವನು.

"ಇಲ್ಲ," ಎಂದಳು. "ನಾಳೆ ಬೆಳಗ್ಗೆ ಹಳದಿ ಕಾರಿನ ಸೀಟು ಕೊಡ್ಬೇಕಲ್ಲ, ಸ್ಪಂಜು ಬಂತಾ?"

ಗಂಡ ಅವಳ ಮುಖ ನೋಡಿ, ಡಬ್ಬಿಯನ್ನು ಕೈಗೆತ್ತಿಕೊಂಡ.

ಮರುದಿನ ಹಳದಿ ಕಾರಿನ ಸೀಟು ಕೊಟ್ಟಳು. ಅದರ ಮರುದಿನ ಲಾರಿಯ ಟಾರ್ಪಾಲು. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಹೆಚ್ಚು ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ತನ್ನದಲ್ಲ ಯಾರದೋ ಎನ್ನಿಸುತ್ತದಲ್ಲ, ಅಂಥದೊಂದು ಎದೆಯ ಹತ್ತಿರ ಕೂತಿತ್ತು. ನೋವಿರಲಿಲ್ಲ. ಅಕ್ಕಪಕ್ಕದ ಅಂಗಡಿಯವರು ಬಂದು, ಪಾಪ, ಕಣ್ಣೆದುರೇ ಆಯಿತಂತಲ್ಲ ಎಂದು ಕಣ್ಣೊರೆಸಿಕೊಂಡರೆ ಅವಳು ಹೌದು ಎನ್ನುತ್ತಿದ್ದಳು. ಮೂರನೆಯ ಅಂಗಡಿಯವನ ಹೆಂಡತಿ, "ಒಂದ್ಸಲ ಅತ್ತುಬಿಡಿ ಅಕ್ಕಾ, ಹಗುರ ಆಗತ್ತೆ," ಎಂದಳು. ಸೂಜಿಯಕ್ಕ ಮನೆಗೆ ಹೋಗಿ ಬಚ್ಚಲಿನಲ್ಲಿ ನಿಂತು ಪ್ರಯತ್ನಪಟ್ಟಳು. ಬರಲಿಲ್ಲ. ಬಕೆಟ್ಟು ತುಂಬಿತು, ನಲ್ಲಿ ನಿಲ್ಲಿಸಿ ಹೊರಗೆ ಬಂದಳು.

ಭಾನುವಾರದವರು ಬಯಲಿನ ಶೆಡ್ಡಿನಲ್ಲಿ ಸಂತಾಪ ಸಭೆ ಇಟ್ಟುಕೊಂಡಿದ್ದರು. ಡಾಕ್ಟರ ಫೋಟೋಗೆ ಹೂ ಹಾಕಿ, ಎರಡು ನಿಮಿಷ ನಿಂತು, ಲಾಯರು ಮಾತಾಡಿ, ಎಲ್ಲರೂ ಚಹಾ ಕುಡಿದರು. ಆಮೇಲೆ ಆಕಾಶ ತಿಳಿಯಾಗಿದೆ ಎಂದು ಹೋಟೆಲಿನವರು ತಮ್ಮ ವಿಮಾನ ಹೊರಗೆಳೆದರು. ಗಂಡನಿಗೆ ಮೈ ಉರಿದುಹೋಯಿತು. "ಇವರಿಗೆ ಎದೆಯಲ್ಲಿ ಏನಿದೆ, ಸ್ಪಂಜಾ?" ಎಂದು ದಾರಿಯುದ್ದಕ್ಕೂ ಗೊಣಗಿದ. ಸ್ಕೂಟರಿನ ಹಿಂದೆ ಕೂತಿದ್ದ ಸೂಜಿಯಕ್ಕನಿಗೆ ಅವರ ಮೇಲೆ ಸಿಟ್ಟು ಬಂದಿರಲಿಲ್ಲ. ಬರಬೇಕಿತ್ತು ಎಂದು ಮಾತ್ರ ಗೊತ್ತಾಯಿತು.

ತಿಂಗಳಾದ ಮೇಲೆ ಸರ್ಕಾರದ ಕಡೆಯಿಂದ ತನಿಖೆಯವರು ಬಂದರು. ಒಬ್ಬರೇ, ಬೆವರು ಒರೆಸಿಕೊಳ್ಳುತ್ತ, ಚೀಲ ತಬ್ಬಿಕೊಂಡು. ಸ್ಟೂಲಿನ ಮೇಲೆ ಕೂತು ಚೀಲದಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದರು. ಒಳಗೆ ಬಿಳಿ ಬಣ್ಣದ ಬಟ್ಟೆ, ಮುರಿದ ಪಕ್ಕೆಲುಬಿನ ತುಂಡಿಗೆ ಇನ್ನೂ ಅಂಟಿಕೊಂಡಿತ್ತು.

"ಈ ಗಂಟು ನಿಮ್ಮದೇನಮ್ಮಾ?"

"ನಂದೇ."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

"ಕೊನೇ ಸುತ್ತು ನಾನು ಎಡಕ್ಕೆ ತಗೋತೀನಿ. ನಮ್ಮಮ್ಮ ಕಲಿಸಿದ್ದು ಹಾಗೆ. ಪುಸ್ತಕದಲ್ಲಿ ಬಲಕ್ಕಿದೆ. ಡಾಕ್ಟ್ರಿಗೆ ಹೇಳಿದ್ದೆ, ಅವರು ಎಳೆದು ನೋಡಿ, ಬಿಗಿಯಾಗೇ ಇದೆ, ಇರ್ಲಿ ಅಂದ್ರು."

ಗಂಡ ಕತ್ತರಿ ಕೆಳಗಿಟ್ಟ. "ಅದೇನೂ ದೊಡ್ಡದಲ್ಲ ಸಾರ್," ಎಂದು ನಡುವೆ ಬಂದ. ತನಿಖೆಯವರು ಕೈಯೆತ್ತಿ ಅವನನ್ನು ಸುಮ್ಮನಿರಿಸಿ ಬರೆದುಕೊಂಡರು. ಆಮೇಲೆ ತಲೆಯೆತ್ತದೆ, "ಅವತ್ತು ಅವರು ವಿಮಾನದ ಸುತ್ತ ಪೂರ್ತಿ ನೋಡಿಯೇ ಹತ್ತಿದ್ರಾ?" ಎಂದು ಕೇಳಿದರು.

"ಇಲ್ಲ. ಬಲರೆಕ್ಕೆ ಹತ್ರ ಇದ್ರು. ನಾನು ಕರೆದೆ."

"ಯಾಕೆ?"

"ತೇಪೆ ತೋರಿಸೋಕೆ. ಬಂದು ನೋಡಿದ್ರು. ವಾಪಸ್ಸು ಅಲ್ಲಿಗೆ ಹೋಗ್ಲಿಲ್ಲ, ಹತ್ತಿಬಿಟ್ರು."

ಅದನ್ನೂ ಬರೆದುಕೊಂಡರು. ಪುಟ ತಿರುವಿದರು. ಸಹಿ ಹಾಕಿಸಿಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತು, ತಮ್ಮ ಸ್ಕೂಟರಿನ ಸೀಟೂ ಹರಿದಿದೆ, ಹೊಲಿದು ಕೊಡಲು ಎಷ್ಟು ದಿನ ಬೇಕು ಎಂದು ವಿಚಾರಿಸಿದರು.

ವರದಿ ಬಂದದ್ದು ಇನ್ನೂ ಮೂರು ತಿಂಗಳಿಗೆ. ಪತ್ರಿಕೆಯಲ್ಲಿ ಬಂದದ್ದನ್ನು ಗಂಡ ಗಟ್ಟಿಯಾಗಿ ಓದಿದ. ಬಟ್ಟೆಯಲ್ಲಾಗಲಿ ಹೊಲಿಗೆಯಲ್ಲಾಗಲಿ ದೋಷವಿರಲಿಲ್ಲ. ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಹಲಗೆಯೊಂದಿರುತ್ತದೆ, ವಿಮಾನ ವಾಲುವುದೂ ನೆಟ್ಟಗಾಗುವುದೂ ಅದರಿಂದಲೇ. ರೆಕ್ಕೆ ಬಿಚ್ಚಿ ಜೋಡಿಸಿದಾಗಲೆಲ್ಲ ಆ ಹಲಗೆಯ ಸರಳನ್ನು ಸಿಕ್ಕಿಸಿ ಪಿನ್ನು ಹಾಕಬೇಕು. ಎಡಗಡೆ ಪಿನ್ನು ಇತ್ತು. ಬಲಗಡೆ ಇರಲಿಲ್ಲ. ಹಾರಾಟಕ್ಕೆ ಮುಂಚಿನ ತಪಾಸಣೆ ಪೂರ್ತಿಯಾಗಿರಲಿಲ್ಲ ಎಂದು ಕೊನೆಯ ಸಾಲಿನಲ್ಲಿತ್ತು. ಅಷ್ಟೇ. ಕರೆದವರು ಯಾರು ಎಂದು ಎಲ್ಲೂ ಇರಲಿಲ್ಲ.

"ನೋಡು, ನಿನ್ನ ಹೊಲಿಗೆದೇನೂ ತಪ್ಪಿಲ್ಲ ಅಂತ ಸರ್ಕಾರವೇ ಬರೆದುಕೊಟ್ಟಿದೆ," ಎಂದ ಗಂಡ. ನಾಲ್ಕು ತಿಂಗಳಿಂದ ಹೊತ್ತಿದ್ದ ಮೂಟೆ ಇಳಿಸಿದವನ ಹಾಗೆ ಉಸಿರು ಬಿಟ್ಟ.

"ಹ್ಞೂಂ," ಎಂದಳು ಸೂಜಿಯಕ್ಕ.

ಆ ಮಧ್ಯಾಹ್ನ ಅವಳು ಡಾಕ್ಟರ ಮನೆಗೆ ಹೋದಳು. ಡಾಕ್ಟರ ಹೆಂಡತಿ ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಕೂತಿದ್ದರು. ಮೂವತ್ತು ವರ್ಷ ಆ ಕೋಣೆಯಲ್ಲಿ ಅಕ್ಷರದ ಬೋರ್ಡು ತೋರಿಸಿ ಜನರ ದೃಷ್ಟಿ ಪರೀಕ್ಷೆ ಮಾಡಿದವರು ಆಕೆ. ಮುಂದಿನ ವಾರದಿಂದ ಬೇರೆ ಡಾಕ್ಟರೊಬ್ಬರು ಬರುವವರಿದ್ದರು. ಮೇಜಿನ ಮೇಲೆ ಕನ್ನಡಕದ ನಂಬರು ನೋಡುವ ಗಾಜುಗಳ ಪೆಟ್ಟಿಗೆ ತೆರೆದುಕೊಂಡಿತ್ತು. ಒಂದೊಂದೇ ಗಾಜು ತೆಗೆದು, ಬಾಯಾವಿ ಬಿಟ್ಟು, ಒರೆಸಿ, ಅದರದರ ಸಂದಿಗೆ ವಾಪಸ್ಸು ಇಡುತ್ತಿದ್ದರು.

ಸೂಜಿಯಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಪಟ್ಟಿ ಹಿಡಿದು ಬಲರೆಕ್ಕೆಯ ಹತ್ತಿರ ಇದ್ದದ್ದು, ತಾನು ಕರೆದದ್ದು, ತೇಪೆ, ಗಡಿಯಾರ. ಹೇಳಿ ಮುಗಿಸುವಷ್ಟರಲ್ಲಿ ಆಕೆ ನಾಲ್ಕು ಗಾಜು ಒರೆಸಿದ್ದರು.

"ಇದನ್ನ ನನಗ್ಯಾಕೆ ಹೇಳಿದ್ರಿ?" ಎಂದರು ಕೊನೆಗೆ.

"ಹೇಳ್ಬೇಕು ಅನ್ನಿಸ್ತು ಅಮ್ಮಾ."

"ಹೇಳಿದ್ಮೇಲೆ ಹಗುರ ಆಯ್ತಾ?"

ಸೂಜಿಯಕ್ಕ ಯೋಚಿಸಿದಳು. ಆಗಿದೆಯೇ ಎಂದು ಒಳಗೆ ತಡಕಿ ನೋಡಿದಳು. "ಇಲ್ಲ," ಎಂದಳು.

"ನನಗೂ ಇಲ್ಲ." ಆಕೆ ಗಾಜೊಂದನ್ನು ಬೆಳಕಿಗೆ ಹಿಡಿದರು. "ಮೂವತ್ತು ವರ್ಷದಲ್ಲಿ ಅವರು ಯಾವ ಕಣ್ಣು ಅಂತ ಮೂರು ಸಲ ಕೇಳದೆ ಒಂದು ಆಪರೇಷನ್ನೂ ಮಾಡ್ಲಿಲ್ಲ. ಅಲ್ಲಿ ಯಾರಾದ್ರೂ ನಡುವೆ ಮಾತಾಡಿಸಿದ್ರೆ ಮೊದಲಿಂದ ಶುರು ಮಾಡೋರು. ನಾನೇ ಬೈಸಿಕೊಂಡಿದ್ದೀನಿ. ಬಯಲಿಗೆ ಹೋದ್ರೆ ಮಾತ್ರ ರಜ ಸಿಕ್ಕಿದ ಮಕ್ಕಳ ಹಾಗೆ ಆಡೋರು. ಆ ಸಿಟ್ಟು ನನಗೆ. ಇಷ್ಟು ದಿನ ಅವರೊಬ್ಬರ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ. ಈಗ ನಿಮ್ಮನ್ನೂ ಸೇರಿಸ್ಕೋಬೇಕು ಅಂದ್ರೆ ನನ್ನ ಕೈಲಿ ಆಗಲ್ಲ ಅಕ್ಕಾ. ನಂಗೆ ಅಷ್ಟು ತ್ರಾಣ ಇಲ್ಲ."

"ಸರಿ ಅಮ್ಮಾ."

"ಕೂತ್ಕೊಳ್ಳಿ. ಚಹಾ ಕುಡೀತೀರಾ?"

ಕುಡಿದಳು. ಸಕ್ಕರೆ ಹಾಕುವುದನ್ನು ಆಕೆ ಮರೆತಿದ್ದರು, ಇಬ್ಬರೂ ಹೇಳಲಿಲ್ಲ. ಹೊರಡುವಾಗ ಹಿಂದಿನ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಯಾರದೋ ಹೊಸ ಕಾರು ನಿಂತಿತ್ತು.

ಮಳೆಗಾಲ ಕಳೆದ ಮೇಲೆ ಟೈಲ್ಸ್ ಯಜಮಾನರು ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಅವರೂ ಒಂದು ವಿಮಾನ ಕಟ್ಟುತ್ತಿದ್ದರು, ಇಬ್ಬರು ಕೂರುವಂಥದು. ವರದಿಯನ್ನು ಅವರು ಅಕ್ಷರ ಬಿಡದೆ ಓದಿದ್ದರು.

"ಅಷ್ಟೆತ್ತರದಿಂದ ಬಿದ್ರೂ ಒಂದು ಗಂಟು ಬಿಚ್ಚಿಲ್ಲ ಅಕ್ಕಾ. ನನ್ನದಕ್ಕೂ ನಿಮ್ಮ ಕೈಯೇ ಆಗ್ಬೇಕು."

ಗಂಡ ಏನೋ ಹೇಳಹೊರಟ. ಅದಕ್ಕೆ ಮೊದಲೇ ಸೂಜಿಯಕ್ಕ, "ಯಾವಾಗಿಂದ ಬರ್ಲಿ?" ಎಂದಳು.

ರಾತ್ರಿ ಊಟಕ್ಕೆ ಕೂತಾಗ ಗಂಡ ಕೇಳಿದ, "ನಿಂಗೆ ಏನೂ ಅನ್ನಿಸಲ್ವೇನೇ?"

"ಹೊಲಿಯೋದು ತಾನೇ?" ಎಂದಳು. "ಸೀಟಾದ್ರೇನು, ರೆಕ್ಕೆಯಾದ್ರೇನು."

ಮತ್ತೆ ಅದೇ ಸೂಜಿ, ಅದೇ ಮೇಣದ ದಾರ. ಈ ಸಲ ರೆಕ್ಕೆಯ ಕೆಳಗೆ ಮಲಗಿ ಸೂಜಿ ಹಿಂದಕ್ಕೆ ಕಳಿಸುತ್ತಿದ್ದವನು ಕಾರ್ಖಾನೆಯ ಫಿಟ್ಟರು. ಮಾತೇ ಆಡದ ಮನುಷ್ಯ. ಸೂಜಿ ಬಂದಾಗ ಒಂದು ಸಲ ಕೆಮ್ಮುತ್ತಿದ್ದ, ಅವಳು ಎಳೆದುಕೊಳ್ಳುತ್ತಿದ್ದಳು. ನಾಲ್ಕು ತಿಂಗಳಲ್ಲಿ ಕೆಲಸ ಮುಗಿಯಿತು.

ವಿಮಾನವನ್ನು ಒಬ್ಬರೇ ಕೂತು ಬೇಕಾದಷ್ಟು ಸಲ ಹಾರಿಸಿ ನೋಡಿದ ಮೇಲೆ ಯಜಮಾನರು ಒಂದು ಭಾನುವಾರ ಅವಳನ್ನೂ ಗಂಡನನ್ನೂ ಬಯಲಿಗೆ ಕರೆದರು. ಮುರಿದ ಬೇಲಿಯನ್ನು ಯಾರೋ ಸರಿಮಾಡಿದ್ದರು. ಗಂಡ ವಿಮಾನದ ಕಡೆ ತಿರುಗಿಯೂ ನೋಡದೆ, ರಸ್ತೆಬದಿಯ ಅಂಗಡಿಯಿಂದ ಚಹಾ ತರುತ್ತೇನೆಂದು ಹೊರಟುಬಿಟ್ಟ. ಯಜಮಾನರು ವಿಮಾನದ ಸುತ್ತ ಒಂದು ಸುತ್ತು ಬಂದರು. ಸೂಜಿಯಕ್ಕ ದೂರದಲ್ಲಿ, ಬಾಯಿ ಬಿಗಿದುಕೊಂಡು ನಿಂತಿದ್ದಳು.

"ಬನ್ನಿ ಅಕ್ಕಾ, ಒಂದು ರೌಂಡು ಹಾಕ್ಕೊಂಡು ಬರೋಣ," ಎಂದರು ಅವರು. "ಹೊಲಿದವರು ಕೂರದೆ ಇದ್ರೆ ಹೇಗೆ?"

ಅವಳು ಹೋಗಿ ಕೂತಳು. ಚಹಾ ಬೇಕಾ ಎಂದರೆ ಹ್ಞೂಂ ಎನ್ನುವಷ್ಟೇ ಸಲೀಸಾಗಿ. ಎದುರಿಗೆ ತಗಡಿನ ಮೇಲೆ ಬರೆದಿತ್ತು: ಇದು ಸ್ವಂತಕ್ಕಾಗಿ ಮನೆಯಲ್ಲಿ ಕಟ್ಟಿಕೊಂಡ ವಿಮಾನ, ಹತ್ತುವವರು ತಮ್ಮ ಹೊಣೆಯ ಮೇಲೆ ಹತ್ತತಕ್ಕದ್ದು. ಓದಿದಳು. ಅಕ್ಷರ ಸೊಟ್ಟಗಿದೆ ಎಂದುಕೊಂಡಳು. ಯಜಮಾನರು ಸೀಟಿನ ಪಟ್ಟಿ ಬಿಗಿದರು, ಬಾಗಿಲು ಹಾಕಿದರು, ನೆಲ ಓಡಿತು, ಆಮೇಲೆ ನೆಲ ಇರಲಿಲ್ಲ.

ಮೇಲಿನಿಂದ ಊರು ಅವಳು ಅಂದುಕೊಂಡ ಹಾಗಿರಲಿಲ್ಲ. ಬಸ್ ನಿಲ್ದಾಣ ಸಿಕ್ಕಿತು. ಅದರ ಹಿಂದಿನ ಬೀದಿಯಲ್ಲಿ ತನ್ನ ಅಂಗಡಿ ಯಾವುದೆಂದು ಎಷ್ಟು ನೋಡಿದರೂ ತಿಳಿಯಲಿಲ್ಲ, ಎಲ್ಲ ಒಂದೇ ತಗಡು. ಯಜಮಾನರು ಕೂಗಿ ಕೂಗಿ ಏನೋ ತೋರಿಸುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು. ಮತ್ತೆ ನೆಲ ಬಂತು, ವಿಮಾನ ಎರಡು ಸಲ ಕುಪ್ಪಳಿಸಿ ನಿಂತಿತು.

ಬಯಲಿನ ಅಂಚಿನಲ್ಲಿ ಗಂಡ ನಿಂತಿದ್ದ. ಎರಡು ಕೈಯಲ್ಲೂ ಚಹಾದ ಲೋಟ. ಎರಡೂ ಖಾಲಿಯಾಗಿ, ಚಹಾವೆಲ್ಲ ಪ್ಯಾಂಟಿನ ಮೇಲೆ ಚೆಲ್ಲಿತ್ತು. ಮುಖ ಬಿಳುಚಿಕೊಂಡಿತ್ತು, ಕೆನ್ನೆ ಒದ್ದೆ.

"ಬುದ್ಧಿ ನೆಟ್ಟಗಿದೆಯೇನೇ ನಿಂಗೆ?" ಎಂದು ಎಲ್ಲರೆದುರೇ ಕೂಗಿದ. "ಒಂದು ಮಾತು ಹೇಳಿ ಹೋಗೋಕೆ ಏನಾಗಿತ್ತು? ನಾನು ಇಲ್ಲಿ ನಿಂತ್ಕೊಂಡು ಏನು ಮಾಡ್ಬೇಕಿತ್ತು?"

ಯಜಮಾನರು ನಗಲು ಹೋಗಿ, ಅವನ ಮುಖ ನೋಡಿ ನಿಲ್ಲಿಸಿದರು. ಸೂಜಿಯಕ್ಕ ಅವನ ಕೈಯಿಂದ ಲೋಟ ತೆಗೆದುಕೊಂಡು, "ನಡೀರಿ, ಮನೆಗೆ ಹೋಗೋಣ," ಎಂದಳು.

ಸ್ಕೂಟರಿನಲ್ಲಿ ಅರ್ಧ ದಾರಿ ಅವನು ಮಾತಾಡಲಿಲ್ಲ. ಅವನ ಮಟ್ಟಿಗೆ ಅದು ದಾಖಲೆ. ಪೆಟ್ರೋಲ್ ಬಂಕು ದಾಟಿದ ಮೇಲೆ ತಲೆ ಹಿಂದಕ್ಕೆ ತಿರುಗಿಸಿ, "ಹೋಗ್ಲಿ, ಹತ್ತೋ ಮುಂಚೆ ಪಿನ್ನು ನೋಡಿದ್ರಾ ಅಂತಾದ್ರೂ ಕೇಳಿದ್ಯಾ ಅವರನ್ನ?" ಎಂದ.

ಅವಳು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದಿರಲೇ ಇಲ್ಲ. ಒಂದು ವರ್ಷದಿಂದ ಬೇರೇನನ್ನೂ ಯೋಚಿಸದ ತಾನು, ಆ ತಗಡಿನ ಬೋರ್ಡನ್ನು ಪೂರ್ತಿ ಓದಿದ ತಾನು, ಪಿನ್ನಿನ ಮಾತನ್ನೇ ಎತ್ತದೆ ಪಟ್ಟಿ ಬಿಗಿಸಿಕೊಂಡು ಕೂತಿದ್ದಳು.

"ನಿಲ್ಸಿ," ಎಂದಳು. "ರೀ, ಗಾಡಿ ನಿಲ್ಸಿ."

ಅವನು ನಿಲ್ಲಿಸಿದ. ಅವಳು ಇಳಿದು, ರಸ್ತೆಬದಿಯ ಸಿಮೆಂಟು ಪೈಪಿನ ಮೇಲೆ ಹೇಗೋ ಕುಸಿದು ಕೂತಳು. ನಡುಗುವ ಕೈಯನ್ನು ಮುಂದೆ ಹಿಡಿದು ನೋಡಿದಳು, ನಿಲ್ಲಿಸಲಾಗಲಿಲ್ಲ. ಹಲ್ಲು ಕಟಕಟ ಎನ್ನತೊಡಗಿತು.

"ಏನಾಯ್ತೇ? ತಲೆ ಸುತ್ತುತ್ತಾ?"

"ಹೆದರಿಕೆ ಆಗ್ತಿದೆ."

"ಈಗ್ಲಾ?" ಎಂದ ಅವನು. "ಇಳಿದ ಮೇಲಾ?"

"ಈಗ."

ಗಂಡ ಸ್ಕೂಟರಿಗೆ ಸ್ಟ್ಯಾಂಡು ಹಾಕಿದ. ಬೆನ್ನು ಹಿಡಿದುಕೊಂಡು ನಿಧಾನವಾಗಿ ಬಗ್ಗಿ ಅವಳ ಪಕ್ಕದಲ್ಲಿ ಕೂತ. ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು, ಹಿಂದೆ ಇನ್ನೊಂದು. ಅವಳು ಎರಡೂ ಕೈಯಲ್ಲಿ ಅವನ ತೋಳು ಹಿಡಿದುಕೊಂಡಳು. ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದರೂ ಅವನು ಬಿಡಿಸಿಕೊಳ್ಳಲಿಲ್ಲ.